ಆತ್ಮಕಥನ ರಂಗಪ್ರಯೋಗ

ಕಲಾವಿದರು ತಮ್ಮ ಜಾತಿ, ಲಿಂಗತ್ವ, ಊರು, ಕಸುಬುಗಳ ಅನುಭವವನ್ನೇ ವಸ್ತುವಾಗಿಸಿಕೊಂಡು ಕಟ್ಟುವ ರಂಗಕೃತಿ. ಕನ್ನಡದಲ್ಲಿ ಈಚಿನ ವರ್ಷಗಳಲ್ಲಿ ಇದಕ್ಕೆ ಬಲ ತಂದವರು ದಲಿತ ಮತ್ತು ಲಿಂಗತ್ವ ಅಲ್ಪಸಂಖ್ಯಾತ ಸಮುದಾಯಗಳ ಕಲಾವಿದರು. ಇವರ ಬದುಕು ಅದಕ್ಕೂ ಮೊದಲು ರಂಗಕ್ಕೆ ಬಂದಿರಲಿಲ್ಲವೆಂದಲ್ಲ. ಬಂದಾಗ ಬರೆಯುವವರೂ ಬಣ್ಣ ಹಚ್ಚುವವರೂ ಬೇರೆಯವರೇ ಆಗಿರುತ್ತಿದ್ದರು.

ತಮಿಳುನಾಡಿನ ನಾಮಕ್ಕಲ್ ಸೀಮೆಯಲ್ಲಿ ಹುಟ್ಟಿ, ಬೆಂಗಳೂರಿನ ‘ಸಂಗಮ’ ಸಂಸ್ಥೆಯಲ್ಲಿ ದುಡಿದ ಟ್ರಾನ್ಸ್ ಮಹಿಳೆ ಎ. ರೇವತಿಯವರ ಆತ್ಮಕಥೆ ಈ ದಾರಿಯ ಮುಖ್ಯ ತಿರುವು. ಇಂಗ್ಲಿಷಿನಲ್ಲಿ 2010ರಲ್ಲಿ ಪ್ರಕಟವಾದ ಅದನ್ನು ದು. ಸರಸ್ವತಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಹೆಗ್ಗೋಡಿನ ‘ಜನಮನದಾಟ’ ತಂಡ ಎಂ. ಗಣೇಶ ಅವರ ನಿರ್ದೇಶನದಲ್ಲಿ ಅದನ್ನು ನಾಟಕವಾಗಿಸಿ ಊರೂರಿಗೆ ಒಯ್ದಿತು. ತಮಿಳಿನಲ್ಲಿ ‘ವೆಳ್ಳೈ ಮೊಳಿ’ ಎಂಬ ಏಕವ್ಯಕ್ತಿ ಪ್ರಯೋಗಕ್ಕೆ ಸ್ವತಃ ರೇವತಿಯವರೇ ನಿಂತರು. ಬೆಂಗಳೂರಿನ ‘ಪಯಣ’ ಸಂಸ್ಥೆಯ ‘ತಲ್ಕಿ’ಯಲ್ಲಿ, ಶ್ರೀಜಿತ್ ಸುಂದರಂ ನಿರ್ದೇಶನದಲ್ಲಿ, ನಡುವಯಸ್ಸು ದಾಟಿದ ಟ್ರಾನ್ಸ್ ಮಹಿಳೆಯರೇ ತಮ್ಮ ಕತೆಗಳನ್ನು ಆಡಿದರು. ಅನುವಾದಕಿ ಸರಸ್ವತಿಯವರೂ ‘ಸಣ್ಣತಿಮ್ಮಿ ರಾಮಾಯಣ’ವನ್ನು ಆಡುಮಾತಿನಲ್ಲಿ ಒಬ್ಬರೇ ಅಭಿನಯಿಸುತ್ತ ಬಂದಿದ್ದಾರೆ.

ಕತೆ ತಮ್ಮದಾದರಷ್ಟೇ ಸಾಲದು, ಅದನ್ನು ಹೇಳುವ ವಾದ್ಯ, ಲಯ, ಮಾತುಗಳೂ ತಮ್ಮವಾಗಬೇಕು ಎಂಬುದನ್ನು ಗಟ್ಟಿಯಾಗಿ ತೋರಿಸಿದವರು ಕೆ.ಪಿ. ಲಕ್ಷ್ಮಣ್ ಮತ್ತು ‘ಜಂಗಮ ಕಲೆಕ್ಟಿವ್’ ತಂಡ. ದಲಿತ ಕವಿ ಕೆ.ಬಿ. ಸಿದ್ದಯ್ಯನವರ ಕಾವ್ಯ ಆಧರಿಸಿದ ‘ದಕ್ಲಕಥಾ ದೇವಿಕಾವ್ಯ’ದಲ್ಲಿ ಅರೆ ಮತ್ತು ತಮಟೆ ವಾದ್ಯಗಳು ಹಿನ್ನೆಲೆಗೆ ಸರಿಯುವುದಿಲ್ಲ. ನಟರು ಅವನ್ನು ಹೊತ್ತೇ ರಂಗಕ್ಕೆ ಬರುತ್ತಾರೆ, ಮೈಯೆಲ್ಲ ಆ ಬಡಿತಕ್ಕೆ ಒಪ್ಪಿಸಿಕೊಂಡು ಕುಣಿಯುತ್ತಾರೆ. ಸಾವಿನ ಮನೆಯ ಮುಂದೆ, ಜಾತ್ರೆಯ ಅಂಚಿನಲ್ಲಿ ನುಡಿಯಬೇಕೆಂದು ಕಟ್ಟುಬಿದ್ದ ವಾದ್ಯ ಇಲ್ಲಿ ಕಾವ್ಯದ ನಡುಮನೆಗೆ ಬಂದು ಕೂರುತ್ತದೆ. ಇದೇ ತಂಡದ ‘ಪಂಚಮ ಪದ’ 1970ರ ದಶಕದಿಂದ ಬೆಳೆದ ದಲಿತ ಚಳವಳಿಯ ಹಾಡುಗಳನ್ನು ರಂಗಕ್ಕೆ ತಂದರೆ, ‘ಬಾಬ್ ಮಾರ್ಲಿ ಫ್ರಮ್ ಕೋಡಿಹಳ್ಳಿ’ ನಗರಕ್ಕೆ ಬಂದು ಜಾತಿ ಮರೆಮಾಚಿ ಬಾಳುವ ಯುವಜನರ ಉಸಿರುಕಟ್ಟನ್ನು ಎದುರಿಗಿಡುತ್ತದೆ.

ಜೋಗತಿ ನೃತ್ಯದ ದಾರಿ ಇನ್ನೂ ಹಳೆಯದು. ಬಳ್ಳಾರಿ ಸೀಮೆಯ ಟ್ರಾನ್ಸ್ ಮಹಿಳೆ ಮಂಜಮ್ಮ ಜೋಗತಿ ಹಿರಿಯರಾದ ಕಾಳವ್ವ ಜೋಗತಿಯವರ ತಂಡದಲ್ಲಿ ಪಳಗಿ, ತಲೆಯ ಮೇಲೆ ಎಲ್ಲಮ್ಮನ ಕೊಡ ಹೊತ್ತು ಕುಣಿಯುವ ಆಚರಣೆಯನ್ನು ವೇದಿಕೆಯ ಕಲೆಯಾಗಿ ಬೆಳೆಸಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಬಂತು.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯನ್ನು ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಯಾರೂ ನೆನೆಯುವುದಿಲ್ಲ. ಅದು ದೊಡ್ಡ ಕೊರತೆ. ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದು ಈಗ ಯಡ್ರಾಮಿಗೆ ಸೇರಿದ ಕಡಕೋಳದ ತತ್ವಪದಕಾರ ಮಡಿವಾಳಪ್ಪನವರ ಶಿಷ್ಯಬಳಗದಲ್ಲಿ ಚೆನ್ನೂರ ಜಲಾಲಸಾಹೇಬರೂ ದಲಿತರಾದ ಖೈನೂರ ಕೃಷ್ಣಪ್ಪನವರೂ ಇದ್ದರು. ಹುಟ್ಟಿನ ಮಾತೆತ್ತಿ ಕೆಣಕುವವರಿಗೆ ಈ ಪರಂಪರೆ ಉತ್ತರ ಕೊಟ್ಟದ್ದು ಹಾಡಿನಲ್ಲಿ. ಏಕತಾರಿ, ದಮ್ಮಡಿ, ತಾಳ ಹಿಡಿದು ರಾತ್ರಿಯಿಡೀ ನಡೆಯುವ ಭಜನೆಯಲ್ಲಿ ಆ ಪದಗಳು ಇಂದಿಗೂ ಕೇಳಿಬರುತ್ತವೆ. ಭೀಮಾತೀರದ ಹರದೇಶಿ–ನಾಗೇಶಿ ಪದಗಳಲ್ಲಂತೂ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬುದೇ ವಾದ. ನಾಗೇಶಿ ಮೇಳದ ಹೆಣ್ಣುಮಗಳು ತುಂತುಣಿ, ದಪ್ಪಿನ ಜತೆಗೆ ಎದ್ದುನಿಂತು ಶಕ್ತಿಯ ಪಕ್ಷ ಹಿಡಿದು ಸವಾಲೆಸೆದರೆ, ಎದುರು ಮೇಳ ಪದ ಕಟ್ಟಿಯೇ ಜವಾಬು ಕೊಡಬೇಕು. ಕಲಬುರಗಿಯಲ್ಲಿ ರಂಗಾಯಣವಿದೆ, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಇವುಗಳ ಜತೆಗೆ, ತಮ್ಮ ಕತೆಯನ್ನು ತಾವೇ ಆಡಹೊರಟ ಈ ಭಾಗದ ಹುಡುಗ ಹುಡುಗಿಯರಿಗೆ ಸವಾಲು–ಜವಾಬಿನ ಈ ಪದವೂ ಭಜನೆಯ ದಮ್ಮಡಿಯೂ ಮನೆಯಂಗಳದಲ್ಲೇ ಸಿಗುವ ರಂಗಭಾಷೆ.