ತವರಿನ ರನ್ನುಗಳು

ಮನೆಯಲ್ಲಿ ಇಲಿ, ಬೀದಿಯಲ್ಲಿ ಹುಲಿ ಎಂದು ನಮ್ಮಲ್ಲಿ ಕೆಲವು ಗಂಡಸರನ್ನು ಹಾಸ್ಯಮಾಡುವುದುಂಟು. ಕ್ರಿಕೆಟ್ ಬಲ್ಲವರು ಈ ಮಾತನ್ನು ತಿರುವಿಹಾಕಿದ್ದಾರೆ. ಅವರ ಮಟ್ಟಿಗೆ ನಾಚಿಕೆಪಡಬೇಕಾದವನು ಮನೆಯಲ್ಲಿ ಹುಲಿಯಾಗಿದ್ದು ಬೀದಿಯಲ್ಲಿ ಇಲಿಯಾಗುವ ದಾಂಡಿಗ. ಸ್ವದೇಶದಲ್ಲಿ ಶತಕದ ಮೇಲೆ ಶತಕ ಹೊಡೆದು, ಸಮುದ್ರ ದಾಟಿದೊಡನೆ ಮಂಕಾಗುವವನನ್ನು ಅವರು ಸುಲಭವಾಗಿ ಕ್ಷಮಿಸುವುದಿಲ್ಲ. ಪ್ರತಿಯೊಬ್ಬ ಆಟಗಾರನ ಸರಾಸರಿಯನ್ನೂ ಸ್ವದೇಶ, ಪರದೇಶ ಎಂದು ಎರಡು ಸಾಲಾಗಿ ಬರೆದಿಡುವ ಪದ್ಧತಿಯುಂಟು. ಆ ಎರಡು ಸಾಲುಗಳ ನಡುವಣ ಅಂತರವನ್ನು ನೋಡಿ ಮನುಷ್ಯನ ಎದೆಗಾರಿಕೆಯನ್ನೇ ಅಳೆಯುವವರಿದ್ದಾರೆ. ಈ ಅಳತೆ ಎಷ್ಟರಮಟ್ಟಿಗೆ ನ್ಯಾಯವಾದದ್ದು ಎಂಬುದನ್ನು ಹಳೆಯ ಕೆಲವು ಪಂದ್ಯಗಳ ಆಧಾರದಿಂದ ವಿಚಾರಮಾಡಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲು, ತವರು ಎಂದರೇನು? ಹುರಿದುಂಬಿಸುವ ಜನ, ಒಗ್ಗಿದ ಊಟ, ಪರಿಚಿತ ಹಾಸಿಗೆ, ಇವು ಇದ್ದೇ ಇವೆ. ಆದರೆ ದಾಂಡಿಗನಿಗೆ ತವರೆಂದರೆ ಮುಖ್ಯವಾಗಿ ಮಣ್ಣು. ನಮ್ಮ ನೆಲ ಬಿಸಿಲಿಗೆ ಒಣಗಿ ಗಟ್ಟಿಯಾಗುತ್ತದೆ. ಚೆಂಡು ನಿಧಾನವಾಗಿ, ತಗ್ಗಾಗಿ ಬರುತ್ತದೆ. ದಿನ ಕಳೆದಂತೆ ನೆಲ ಬಿರಿದು ಚೆಂಡು ತಿರುಗತೊಡಗುತ್ತದೆ. ಇಂಗ್ಲೆಂಡಿನ ನೆಲದಲ್ಲಿ ತೇವವುಂಟು, ಹಸಿ ಹುಲ್ಲುಂಟು, ಮೇಲೆ ಮೋಡವುಂಟು. ಅಲ್ಲಿ ಚೆಂಡು ಗಾಳಿಯಲ್ಲಿಯೇ ಬಾಗುತ್ತದೆ, ನೆಲಕ್ಕೆ ತಾಗಿದ ಮೇಲೆ ಮತ್ತೊಮ್ಮೆ ದಾರಿ ಬದಲಿಸುತ್ತದೆ. ಆಸ್ಟ್ರೇಲಿಯದಲ್ಲಿ ಅದು ಎದೆಯ ಎತ್ತರಕ್ಕೆ ಪುಟಿಯುತ್ತದೆ. ಚೆಂಡು ಕೂಡ ಎಲ್ಲ ಕಡೆಯಲ್ಲೂ ಒಂದೇ ಅಲ್ಲ. ಇಂಗ್ಲೆಂಡಿನಲ್ಲಿ ಡ್ಯೂಕ್ಸ್, ಆಸ್ಟ್ರೇಲಿಯದಲ್ಲಿ ಕೂಕಬುರ‍್ರಾ, ನಮ್ಮಲ್ಲಿ ಎಸ್.ಜಿ.; ಒಂದೊಂದರ ಹೊಲಿಗೆಯೂ ಹೊಳಪೂ ಬೇರೆ. ಹತ್ತು ವರ್ಷದ ಹುಡುಗ ಯಾವ ನೆಲದ ಮೇಲೆ ಮೊದಲು ದಾಂಡು ಹಿಡಿಯುತ್ತಾನೋ ಅದರ ಪಾಠವನ್ನು ಅವನ ಕಾಲು ಕಲಿತುಬಿಡುತ್ತದೆ. ಮೂವತ್ತನೆಯ ವಯಸ್ಸಿನಲ್ಲಿ ಬುದ್ಧಿ ಬೇರೆ ಹೇಳಿದರೂ ಕಾಲು ಹಳೆಯ ಪಾಠವನ್ನೇ ಒಪ್ಪಿಸುತ್ತದೆ.

ಇದಕ್ಕೆ ಬಂಗಾಳದ ಪಂಕಜ್ ರಾಯ್ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ತೋರುವುದಿಲ್ಲ. 1951-52ರಲ್ಲಿ ಇಂಗ್ಲೆಂಡ್ ತಂಡ ಭಾರತಕ್ಕೆ ಬಂದಾಗ ರಾಯ್ ಹೊಸಬರು. ಮುಂಬಯಿಯಲ್ಲಿ 140, ಮದರಾಸಿನಲ್ಲಿ 111 ರನ್ ಹೊಡೆದು ಹೆಸರಾದರು. ಭಾರತ ತನ್ನ ಮೊಟ್ಟಮೊದಲ ಟೆಸ್ಟ್ ವಿಜಯ ಗಳಿಸಿದ್ದು ಆ ಮದರಾಸಿನ ಪಂದ್ಯದಲ್ಲಿಯೇ. ಕೆಲವೇ ತಿಂಗಳಲ್ಲಿ, 1952ರ ಬೇಸಗೆಯಲ್ಲಿ, ಅದೇ ಇಂಗ್ಲೆಂಡಿನ ಮೇಲೆ ಇಂಗ್ಲೆಂಡಿನಲ್ಲಿಯೇ ಆಡಬೇಕಾಯಿತು. ಏಳು ಇನ್ನಿಂಗ್ಸಿನಲ್ಲಿ ಐದು ಸಲ ರಾಯ್ ಸೊನ್ನೆಗೆ ಔಟಾದರು. ಮದರಾಸಿನ ವಿಜಯದಲ್ಲಿ ಔಟಾಗದೆ 130 ರನ್ ಹೊಡೆದಿದ್ದ ಪಾಲಿ ಉಮ್ರಿಗರ್ ಅವರ ಕಥೆಯೂ ಇದೇ. ಏಳು ಇನ್ನಿಂಗ್ಸಿನಲ್ಲಿ ಅವರು ಕೂಡಿಸಿದ್ದು 43 ರನ್. ಲೀಡ್ಸಿನ ಹೆಡಿಂಗ್ಲಿ ಮೈದಾನದಲ್ಲಿ ಎರಡನೆಯ ಇನ್ನಿಂಗ್ಸ್ ಪ್ರಾರಂಭಿಸಿದ ಭಾರತ ಒಂದು ರನ್ನೂ ಇಲ್ಲದೆ ನಾಲ್ಕು ವಿಕೆಟ್ ಕಳೆದುಕೊಂಡ ಸಂಗತಿಯನ್ನು ಓದುಗರು ಬಲ್ಲರು. ಮ್ಯಾಂಚೆಸ್ಟರಿನಲ್ಲಿ ಒಂದೇ ದಿನ 58ಕ್ಕೂ 82ಕ್ಕೂ ಎರಡು ಸಲ ಆಟ ಮುಗಿಯಿತು.

ಮನೆಯ ಹುಲಿ ಎಂಬ ಬಿರುದು ನಮ್ಮವರಿಗೆ ಅಂಟಿಕೊಳ್ಳಲು ಆ ಒಂದು ಬೇಸಗೆಯೇ ಸಾಕಾಯಿತು. ಆದರೆ ಲೆಕ್ಕವನ್ನು ಇನ್ನಷ್ಟು ತಾಳ್ಮೆಯಿಂದ ನೋಡಬೇಕು. 1951-52ರಲ್ಲಿ ನಮ್ಮಲ್ಲಿಗೆ ಬಂದದ್ದು ನೈಜೆಲ್ ಹೊವಾರ್ಡರ ನಾಯಕತ್ವದ ತಂಡ. ಹಟನ್, ಕಾಂಪ್ಟನ್, ಬೆಡ್ಸರ್ ಮೊದಲಾದ ಹಿರಿಯರು ಅದರಲ್ಲಿರಲಿಲ್ಲ. ಮರುವರ್ಷ ಇಂಗ್ಲೆಂಡಿನಲ್ಲಿ ಎದುರಾದವರು ಬೆಡ್ಸರ್, ಮತ್ತು ಹೊಸದಾಗಿ ಬಂದ ಫ್ರೆಡ್ ಟ್ರೂಮನ್. ಆದುದರಿಂದ ಬದಲಾದದ್ದು ನೆಲ ಮಾತ್ರವಲ್ಲ, ಎದುರಾಳಿಯೂ ಬದಲಾಗಿದ್ದ. ಸರಾಸರಿಯ ಪಟ್ಟಿಯಲ್ಲಿ ಎರಡೂ ಕಡೆ ಇಂಗ್ಲೆಂಡ್ ಎಂದೇ ಬರೆದಿರುತ್ತದೆ.

ಇನ್ನೂ ಮುಖ್ಯವಾದ ಮಾತೊಂದಿದೆ. 1953ರ ಮೊದಲ ತಿಂಗಳುಗಳಲ್ಲಿ ಇದೇ ಆಟಗಾರರು ವೆಸ್ಟ್ ಇಂಡೀಸಿಗೆ ಹೋದರು. ಅದೇನು ತವರಲ್ಲ, ಇಂಗ್ಲೆಂಡಿಗಿಂತಲೂ ದೂರದ ನಾಡು. ಅಲ್ಲಿ ಉಮ್ರಿಗರ್ 560 ರನ್ ಹೊಡೆದರು. ಜಮೈಕದ ಕಿಂಗ್ಸ್‌ಟನ್ನಿನಲ್ಲಿ ರಾಯ್ 150, ವಿಜಯ್ ಮಂಜ್ರೇಕರ್ 118 ಹೊಡೆದು ಪಂದ್ಯ ಉಳಿಸಿಕೊಟ್ಟರು. ಅಲ್ಲಿನ ನೆಲ ಗಟ್ಟಿ, ಬಿಸಿಲು ನಮ್ಮ ಬಿಸಿಲಿನಂತೆಯೇ ಕಡುವಾದದ್ದು; ಚೆಂಡು ವೇಗವಾಗಿ ಬಂದರೂ ಹೇಳಿದ ಮಾತಿಗೆ ತಪ್ಪದಂತೆ ನೇರವಾಗಿ ಬರುತ್ತಿತ್ತು. ಹಾಗಾದರೆ 1952ರಲ್ಲಿ ಸೋತದ್ದು ಎದೆಗಾರಿಕೆಯೇ? ನನಗೆ ಹಾಗೆ ಕಾಣುವುದಿಲ್ಲ. ಕೈಕೊಟ್ಟದ್ದು ಒಂದು ದೇಶದ ತೇವವನ್ನು ಕಾಣದಿದ್ದ ಕಾಲುಗಳು. ಪರದೇಶವೆಂಬುದು ಒಂದೇ ದೇಶವಲ್ಲ. ಲೀಡ್ಸನ್ನೂ ಕಿಂಗ್ಸ್‌ಟನ್ನನ್ನೂ ಒಂದೇ ಸಾಲಿನಲ್ಲಿ ಕೂಡಿಸುವ ಲೆಕ್ಕ, ಮಡಕೇರಿಯ ಮಳೆಯನ್ನೂ ಚಿತ್ರದುರ್ಗದ ಮಳೆಯನ್ನೂ ಕೂಡಿಸಿ ಸರಾಸರಿ ತೆಗೆದು ಬಿತ್ತನೆಗೆ ಹೊರಟಂತೆ.

ನೆಲವೇ ಎಲ್ಲವೂ ಎಂದು ಹೇಳುವುದೂ ನನ್ನ ಅಭಿಪ್ರಾಯವಲ್ಲ. ಬ್ಯಾಟಿಗೆ ಅನುಕೂಲವಾದ ಮುಂಬಯಿಯ ಪಿಚ್ಚುಗಳ ಮೇಲೆಯೇ ಬೆಳೆದ ವಿಜಯ್ ಮರ್ಚೆಂಟರು 1946ರ ಮಳೆಗಾಲದಂಥ ಬೇಸಗೆಯಲ್ಲಿ ಇಂಗ್ಲೆಂಡಿನ ಪ್ರವಾಸದಲ್ಲಿ ಒಟ್ಟು 2385 ರನ್ ಗಳಿಸಿದರು. 1948ರ ಜನವರಿಯಲ್ಲಿ ಅಡಿಲೇಡಿನಲ್ಲಿ ವಿಜಯ್ ಹಜಾರೆಯವರು ಒಂದೇ ಪಂದ್ಯದ ಎರಡು ಇನ್ನಿಂಗ್ಸಿನಲ್ಲೂ ಶತಕ ಹೊಡೆದರು. ಹೊಸ ನೆಲದ ಭಾಷೆಯನ್ನು ಬೇಗ ಕಲಿಯಬಲ್ಲವರು ಎಲ್ಲ ಕಾಲದಲ್ಲೂ ಇದ್ದಾರೆ. ಆದರೆ ಅದು ಕಲಿಕೆ. ಕಲಿಯಲು ಅವಕಾಶ ಬೇಕು, ಕಾಲ ಬೇಕು. ಉಮ್ರಿಗರ್ ಅವರಿಗೂ ಅದು ದೊರೆತಾಗ, 1959ರಲ್ಲಿ ಮ್ಯಾಂಚೆಸ್ಟರಿನಲ್ಲಿಯೇ 118 ರನ್ ಹೊಡೆದರು.

ಸರ್ ಡೊನಾಲ್ಡ್ ಬ್ರಾಡ್ಮನ್ನರ ಲೆಕ್ಕ ಮತ್ತೂ ಸ್ವಾರಸ್ಯವಾದದ್ದು. ಅವರ ಒಟ್ಟು ಸರಾಸರಿ 99.94 ಎಂಬುದು ಶಾಲೆಯ ಹುಡುಗರಿಗೂ ಬಾಯಿಪಾಠ. ಅದನ್ನು ಬಿಡಿಸಿದರೆ ಸ್ವದೇಶದಲ್ಲಿ 98.22, ಇಂಗ್ಲೆಂಡಿನಲ್ಲಿ 102.84. ತವರಿಗಿಂತ ಪರದೇಶದಲ್ಲಿಯೇ ಹೆಚ್ಚು! ಆದರೆ ಅವರು ಟೆಸ್ಟ್ ಆಡಿದ್ದು ಈ ಎರಡು ದೇಶಗಳಲ್ಲಿ ಮಾತ್ರ. ಭಾರತದ ತಿರುಗುವ ನೆಲದ ಮೇಲಾಗಲಿ ಆಗ ಈ ಕಡೆ ಬಳಕೆಯಲ್ಲಿದ್ದ ಮ್ಯಾಟಿಂಗಿನ ಮೇಲಾಗಲಿ ಅವರು ಟೆಸ್ಟ್ ಆಡಲಿಲ್ಲ. ಆ ಮ್ಯಾಟಿಂಗ್ ಎಂಥದೆಂಬುದನ್ನು ತಿಳಿಯಬೇಕಾದರೆ, 1956ರಲ್ಲಿ ಕರಾಚಿಯಲ್ಲಿ ಫಜಲ್ ಮಹಮೂದ್ ಅವರೆದುರು ಹಾರ್ವೆ, ಮಿಲ್ಲರ್ ಮೊದಲಾದವರಿದ್ದ ಆಸ್ಟ್ರೇಲಿಯ 80 ರನ್ನಿಗೆ ಮುಗಿದುದನ್ನು ನೆನೆಯಬಹುದು.

ತವರಿನ ತಿಳಿವಳಿಕೆ ಎಂದರೇನೆಂಬುದನ್ನು ಬ್ರಾಡ್ಮನ್ನರು ತೋರಿಸಿದ್ದು 1937ರ ಹೊಸವರ್ಷದಲ್ಲಿ ಮೆಲ್ಬೋರ್ನಿನಲ್ಲಿ. ಆಗ ಪಿಚ್ಚಿಗೆ ಹೊದಿಕೆ ಹಾಕುವ ಪದ್ಧತಿ ಇರಲಿಲ್ಲ. ಮಳೆಯಲ್ಲಿ ನೆನೆದ ನೆಲ ಬಿಸಿಲು ಬಿದ್ದಾಗ ಅಂಟಾಗಿ ಚೆಂಡು ಹುಚ್ಚುಚ್ಚಾಗಿ ಪುಟಿಯುತ್ತಿತ್ತು. ಆ ನೆಲ ಒಣಗುವವರೆಗೆ ಕಾಯಬೇಕೆಂದು ತಿಳಿದಿದ್ದ ಬ್ರಾಡ್ಮನ್ನರು ಕೊನೆಯ ಆಟಗಾರರನ್ನು ಮೊದಲು ಕಳಿಸಿ, ತಾವು ಏಳನೆಯವರಾಗಿ ಹೋಗಿ 270 ರನ್ ಹೊಡೆದರು. ಅದು ತವರಿನ ರನ್ನೇ ಸರಿ. ಆದರೆ ಅದನ್ನು ಸುಲಭದ ರನ್ ಎನ್ನಲಾದೀತೆ? ಹತ್ತು ವರ್ಷಗಳ ಮೇಲೆ ಬ್ರಿಸ್ಬೇನಿನಲ್ಲಿ ಬ್ರಾಡ್ಮನ್ನರು 185 ಹೊಡೆದ ಪಂದ್ಯದಲ್ಲಿ ಮಳೆಯ ತೊಂದರೆಗೆ ಸಿಕ್ಕಿದ ನಮ್ಮವರು 58ಕ್ಕೂ 98ಕ್ಕೂ ಉರುಳಿದರು. 1980ರ ದಶಕದ ಆರಂಭದ ವೇಳೆಗೆ ಇಂಗ್ಲೆಂಡಿನಲ್ಲೂ ಪಿಚ್ಚುಗಳಿಗೆ ಪೂರ್ತಿ ಹೊದಿಕೆ ಬಂತು. ಹೀಗೆ ಇಂಗ್ಲೆಂಡಿನವನ ತವರು ಕೂಡ ಅವನ ಅಜ್ಜನ ತವರಾಗಿ ಉಳಿಯಲಿಲ್ಲ.

ತೀರ್ಪುಗಾರರ ವಿಷಯವನ್ನೂ ಹೇಳದೆ ಬಿಡುವಂತಿಲ್ಲ. ಬಹುಕಾಲ ಆತಿಥೇಯ ದೇಶದವರೇ ಅಂಪೈರುಗಳಾಗಿರುತ್ತಿದ್ದರು. ಅವರು ಪ್ರಾಮಾಣಿಕರಾಗಿದ್ದರೂ ಸೋತ ಅತಿಥಿಗೆ ಸಂಶಯ ತಪ್ಪುತ್ತಿರಲಿಲ್ಲ. 1986ರಲ್ಲಿ ಲಾಹೋರಿನಲ್ಲಿ ವೆಸ್ಟ್ ಇಂಡೀಸಿನೊಡನೆ ಆಡುವಾಗ ಪಾಕಿಸ್ತಾನ ನಮ್ಮ ವಿ.ಕೆ. ರಾಮಸ್ವಾಮಿ, ಪೀಲೂ ರಿಪೋರ್ಟರ್ ಇವರನ್ನು ಕರೆಸಿಕೊಂಡಿತು. 1994ರಿಂದ ಒಬ್ಬರು, 2002ರಿಂದ ಇಬ್ಬರೂ ಹೊರಗಿನವರಾಗಿರಬೇಕೆಂಬ ನಿಯಮ ಬಂತು. ಅದಕ್ಕೆ ಹಿಂದಿನ ಸ್ವದೇಶದ ಸರಾಸರಿಗಳನ್ನು ಓದುವಾಗ ಇದೂ ನೆನಪಿನಲ್ಲಿರುವುದು ಒಳ್ಳೆಯದು.

ಇನ್ನು ತವರೆಂದರೆ ಸದಾ ಮೆತ್ತನೆಯ ಹಾಸಿಗೆ ಎಂಬ ನಂಬಿಕೆಯ ಮಾತು. ಅದಕ್ಕೆ ಕಾರಣವಿಲ್ಲದೆ ಇಲ್ಲ. 1956ರ ಜನವರಿಯಲ್ಲಿ ಮದರಾಸಿನಲ್ಲಿ ನ್ಯೂಜಿಲೆಂಡಿನ ಮೇಲೆ ಮಂಕಡ್ 231, ಅದೇ ಪಂಕಜ್ ರಾಯ್ 173 ಹೊಡೆದು ಮೊದಲ ವಿಕೆಟ್ಟಿಗೆ 413 ರನ್ ಸೇರಿಸಿದರು. ಆ ದಾಖಲೆ 2008ರವರೆಗೆ ಮುರಿಯಲಿಲ್ಲ. 1963-64ರಲ್ಲಿ ಇಂಗ್ಲೆಂಡಿನೊಡನೆ ನಡೆದ ಐದು ಟೆಸ್ಟುಗಳೂ ಸೋಲುಗೆಲುವಿಲ್ಲದೆ ಮುಗಿದವು. ನಮ್ಮ ಮೂಲ್ಕಿಯ ಬುಧಿ ಕುಂದರನ್ ಆ ಸರಣಿಯಲ್ಲಿ ಮದರಾಸಿನ 192 ಸೇರಿ 525 ರನ್ ಗಳಿಸಿದರು.

ಆದರೆ ಅದೇ ಮದರಾಸಿನಲ್ಲಿ, 1975ರ ಜನವರಿಯಲ್ಲಿ, ಆಂಡಿ ರಾಬರ್ಟ್ಸ್ 64 ರನ್ನಿಗೆ ಏಳು ವಿಕೆಟ್ ಕಿತ್ತ ದಿನ ಭದ್ರಾವತಿಯ ಜಿ.ಆರ್. ವಿಶ್ವನಾಥರು ಔಟಾಗದೆ 97 ರನ್ ಹೊಡೆದರು. ತಂಡದ ಮೊತ್ತ 190. ಶತಕಕ್ಕೆ ಮೂರು ರನ್ ಬೇಕಿದ್ದಾಗ ಕೊನೆಯ ವಿಕೆಟ್ ಬಿತ್ತು. ಪಂದ್ಯವನ್ನು ನಾವು ಗೆದ್ದೆವು. ಲೆಕ್ಕದ ಪುಸ್ತಕದಲ್ಲಿ ಆ 97 ಕೂಡ ಸ್ವದೇಶದ ಸಾಲಿನಲ್ಲಿಯೇ ಇದೆ.

1987ರ ಮಾರ್ಚಿನ ಎರಡು ಪಂದ್ಯಗಳನ್ನು ನೋಡಿ. ಅಹಮದಾಬಾದಿನಲ್ಲಿ ಪಾಕಿಸ್ತಾನದ ಮೇಲೆ ಸುನೀಲ್ ಗಾವಸ್ಕರರು ಹತ್ತುಸಾವಿರ ರನ್ ದಾಟಿದರು. ಪಂದ್ಯ ಡ್ರಾ ಆಯಿತು. ಮುಂದಿನದು ನಮ್ಮ ಬೆಂಗಳೂರಿನಲ್ಲಿ. ಮೊದಲ ದಿನವೇ ಚೆಂಡು ತಿರುಗಿತು. ಮಣಿಂದರ್ ಸಿಂಗ್ 27 ರನ್ನಿಗೆ ಏಳು ವಿಕೆಟ್ ತೆಗೆದು ಪಾಕಿಸ್ತಾನವನ್ನು 116ಕ್ಕೆ ಕೆಡವಿದರು. ಕೊನೆಗೆ ಗೆಲ್ಲಲು 221 ಬೇಕಾದಾಗ, ಇಕ್ಬಾಲ್ ಕಾಸಿಂ, ತೌಸೀಫ್ ಅಹಮದ್ ಇವರ ಚೆಂಡುಗಳು ಬುಸುಗುಟ್ಟುತ್ತಿದ್ದ ಆ ನೆಲದ ಮೇಲೆ ಗಾವಸ್ಕರರು 96 ರನ್ ಹೊಡೆದರು. ಭಾರತ 16 ರನ್ನಿನಿಂದ ಸೋತಿತು; ಅದೇ ಅವರ ಕೊನೆಯ ಟೆಸ್ಟ್. ಅತಿಥಿಗೆಂದು ತೋಡಿದ ಹಳ್ಳಕ್ಕೆ ಮನೆಯವರೇ ಬಿದ್ದರೆಂದರೂ ಸಲ್ಲುತ್ತದೆ. ಅಹಮದಾಬಾದಿನ ರನ್ನುಗಳೂ ಬೆಂಗಳೂರಿನ ರನ್ನುಗಳೂ ಪುಸ್ತಕದಲ್ಲಿ ಒಂದೇ ಬೆಲೆಗೆ ನಿಂತಿವೆ. ಗಾವಸ್ಕರರ ಸ್ವದೇಶದ ಸರಾಸರಿ 50.16, ಪರದೇಶದ್ದು 52.11.

ಬೆಂಗಳೂರಿನ ರಾಹುಲ್ ದ್ರಾವಿಡ್ ಅವರದೂ ಇದೇ ರೀತಿ: ಇಲ್ಲಿ 51.35, ಹೊರಗೆ 53.03. ಸೊನ್ನೆಗೆ ನಾಲ್ಕು ವಿಕೆಟ್ ಬಿದ್ದ ಹೆಡಿಂಗ್ಲಿಯಲ್ಲಿಯೇ, ಸರಿಯಾಗಿ ಐವತ್ತು ವರ್ಷಗಳ ಮೇಲೆ, 2002ರ ಆಗಸ್ಟಿನಲ್ಲಿ, ಮೋಡ ಕವಿದ ಬೆಳಗಿನಲ್ಲಿ ಭಾರತ ತಾನಾಗಿಯೇ ಬ್ಯಾಟಿಂಗ್ ಆರಿಸಿಕೊಂಡಿತು. ದ್ರಾವಿಡ್ 148 ಹೊಡೆದು ಅಡಿಪಾಯ ಹಾಕಿದರು. ತೆಂಡೂಲ್ಕರ್ 193, ಗಂಗೂಲಿ 128 ಸೇರಿಸಿದರು. ಭಾರತ ಇನ್ನಿಂಗ್ಸ್ ಮತ್ತು 46 ರನ್ನಿನಿಂದ ಗೆದ್ದಿತು. 1952ರವರಿಗೆ ಇಲ್ಲದ ಎದೆ ಇವರಿಗಿತ್ತೆಂದು ಇದರ ಅರ್ಥವಲ್ಲ. ನಡುವಣ ಐವತ್ತು ವರ್ಷಗಳಲ್ಲಿ ನಮ್ಮವರು ಮತ್ತೆ ಮತ್ತೆ ಆ ನಾಡಿಗೆ ಹೋದರು, ಅಲ್ಲಿನ ಕೌಂಟಿಗಳಿಗೆ ಆಡಿದರು. ದ್ರಾವಿಡ್ ಅವರೇ 2000ದಲ್ಲಿ ಕೆಂಟ್ ಕೌಂಟಿಗೆ ಆಡಿ ಬಂದಿದ್ದರು. ಹಿಂದಿನವರು ಪೆಟ್ಟು ತಿಂದು ಕಲಿತುದರಲ್ಲಿ ಒಂದಷ್ಟು ಮುಂದಿನವರ ಕಾಲಿಗೆ ಬಂದಿತು.

ಆದುದರಿಂದ ಸ್ವದೇಶ, ಪರದೇಶ ಎಂಬ ಎರಡು ಸಾಲುಗಳನ್ನು ಅಳಿಸಬೇಕೆಂದು ನಾನು ಹೇಳುವುದಿಲ್ಲ. ಅವು ಒಂದು ಪ್ರಶ್ನೆಯನ್ನು ಎತ್ತಿಕೊಡುತ್ತವೆ. ಉತ್ತರವನ್ನು ಮಾತ್ರ ಕೊಡುವುದಿಲ್ಲ. ಯಾವ ಊರಿನ ನೆಲ, ಯಾವ ವರ್ಷ, ಎದುರಿಗಿದ್ದವರು ಯಾರು, ಮಳೆ ಬಂದಿತ್ತೇ, ಇಷ್ಟನ್ನು ಕೇಳಿದ ಮೇಲೆ ಒಬ್ಬನನ್ನು ಹುಲಿಯೆಂದೋ ಇಲಿಯೆಂದೋ ಕರೆಯೋಣ. ಐದು ಸೊನ್ನೆಗಳ ಪಂಕಜ್ ರಾಯ್ ಅವರೇ ಕಿಂಗ್ಸ್‌ಟನ್ನಿನ 150ರ ಪಂಕಜ್ ರಾಯ್ ಕೂಡ ಎಂಬುದನ್ನು ಮರೆತು ಕೊಡುವ ತೀರ್ಪು ತೀರ್ಪಾಗಲಾರದು.