ಸಂಯುಕ್ತ ಓಡಾಂಟೋಮಾ

ದವಡೆಯ ಮೂಳೆಯೊಳಗೆ ಪುಟ್ಟ ಹಲ್ಲುಗಳ ಗೊಂಚಲಾಗಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ. ಎನಾಮೆಲ್, ಡೆಂಟಿನ್, ಸಿಮೆಂಟಮ್, ತಿರುಳು ಎಲ್ಲವೂ ಸಹಜ ಹಲ್ಲಿನ ಕ್ರಮದಲ್ಲೇ ಇರುತ್ತವೆ. ಕ್ರಮ ತಪ್ಪಿ ಮುದ್ದೆಯಾದರೆ ಅದನ್ನು ಸಂಕೀರ್ಣ ಓಡಾಂಟೋಮಾ ಎನ್ನುತ್ತಾರೆ. ಸಾಮಾನ್ಯವಾಗಿ ನೋವಿರುವುದಿಲ್ಲ. ಶಾಶ್ವತ ಹಲ್ಲು ಯಾಕೆ ಹುಟ್ಟಲಿಲ್ಲವೆಂದು ಎಕ್ಸ್‌ರೇ ತೆಗೆಸಿದಾಗಲೇ ಎಷ್ಟೋ ಪ್ರಕರಣಗಳು ಪತ್ತೆಯಾಗುತ್ತವೆ.

ಅತಿ ಹೆಸರಾದ ಪ್ರಕರಣ 2019ರದು. ಚೆನ್ನೈನ ಸವೀತಾ ದಂತ ವೈದ್ಯಕೀಯ ಕಾಲೇಜಿಗೆ ಕೆಳದವಡೆಯ ಬಲಭಾಗ ಊದಿಕೊಂಡ ಏಳು ವರ್ಷದ ಹುಡುಗನೊಬ್ಬ ಬಂದ. ಊತ ಮೂರನೇ ವಯಸ್ಸಿನಲ್ಲೇ ಹೆತ್ತವರ ಕಣ್ಣಿಗೆ ಬಿದ್ದಿತ್ತು, ಆದರೆ ಆಗ ಮಗು ಪರೀಕ್ಷೆಗೆ ಬಾಯಿ ಬಿಟ್ಟಿರಲಿಲ್ಲ. ಅರಿವಳಿಕೆ ಕೊಟ್ಟು ಹೊರತೆಗೆದ ಚೀಲದ ತೂಕ ಸುಮಾರು 200 ಗ್ರಾಂ. ಅದನ್ನು ಬಿಡಿಸಿ ಎಣಿಸಲು ಗಂಟೆಗಟ್ಟಲೆ ಹಿಡಿಯಿತು: 526 ಹಲ್ಲು! ತೀರಾ ಸಣ್ಣವು 0.1 ಮಿ.ಮೀ., ದೊಡ್ಡವು 15 ಮಿ.ಮೀ. ಪತ್ರಿಕೆಗಳು ಈ ಸಂಖ್ಯೆಗೇ ಮಾರುಹೋದವು. ಆದರೆ ವೈದ್ಯರ ಜಾಣ್ಮೆ ಕಾಣುವುದು ಬೇರೆಡೆ: ದವಡೆಯನ್ನು ಪಕ್ಕದಿಂದ ಒಡೆಯದೆ ಮೇಲಿನಿಂದ ಕೊರೆದದ್ದರಿಂದ ಅದನ್ನು ಮತ್ತೆ ಕಟ್ಟುವ ಪ್ರಮೇಯವೇ ಬರಲಿಲ್ಲ. ಹುಡುಗನ ಬಾಯಲ್ಲಿ 21 ಹಲ್ಲು ಉಳಿದವು.

ಇದಕ್ಕೂ ಮೊದಲು, 2014ರಲ್ಲಿ, ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ 17 ವರ್ಷದ ತರುಣನೊಬ್ಬನ ದವಡೆಯಿಂದ 232 ಹಲ್ಲುಗಳನ್ನು ತೆಗೆಯಲಾಗಿತ್ತು.