ನೂರಕ್ಕೆ ನೂರರ ಕಥೆ

2022ರ ಮೇ ತಿಂಗಳಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮಧ್ಯಾಹ್ನ ನಮ್ಮ ಪಕ್ಕದ ಮನೆಯಲ್ಲಿ ಸೂತಕದ ಮೌನ ಕವಿದಿತ್ತು. ಆ ಮನೆಯ ಹುಡುಗಿ ನಪಾಸಾಗಿರಬೇಕೆಂದು ಊಹಿಸಿ, ನಾಲ್ಕು ಸಮಾಧಾನದ ಮಾತು ಹೇಳೋಣವೆಂದು ಹೋದೆ. ಹೋಗಿ ವಿಚಾರಿಸಿದರೆ, ಆಕೆಗೆ ಬಂದದ್ದು 625ಕ್ಕೆ 619! ಆ ವರ್ಷ ರಾಜ್ಯದಲ್ಲಿ 145 ಮಕ್ಕಳು 625ಕ್ಕೆ 625 ಅಂಕಗಳನ್ನೇ ಗಳಿಸಿದ್ದರು. ಆ ಪಟ್ಟಿಯಲ್ಲಿ ತನ್ನ ಹೆಸರಿಲ್ಲವೆಂದು ಹುಡುಗಿ ಕೋಣೆಯ ಬಾಗಿಲು ಹಾಕಿಕೊಂಡು ಅಳುತ್ತಿದ್ದಳು. ಹೊರಗೆ ಕುರ್ಚಿಯಲ್ಲಿ ಕುಳಿತಿದ್ದ ಅವಳ ತಾತ, ನಮ್ಮ ಹಿರಿಯ ರಾಯರು, ನನ್ನನ್ನು ನೋಡಿ ನಕ್ಕರು.

“ನಾನು 1956ರಲ್ಲಿ ಪಾಸಾದಾಗ ನೂರಕ್ಕೆ ಐವತ್ತೆಂಟು ಬಂದಿತ್ತು ಸ್ವಾಮಿ. ನಮ್ಮಪ್ಪ ಬೀದಿಗೆಲ್ಲ ಸಕ್ಕರೆ ಹಂಚಿದರು. ಇವತ್ತು ನೋಡಿ, ಆರು ಮಾರ್ಕು ಎಲ್ಲಿ ಹೋಯಿತೋ ಅಂತ ಮನೆಮಂದಿಯೆಲ್ಲ ಹುಡುಕುತ್ತಾ ಇದ್ದಾರೆ” ಎಂದರು.

ರಾಯರದು ತಮಾಷೆಯ ಮಾತು. ಆದರೆ ಅದರೊಳಗೆ ಒಂದು ಪ್ರಶ್ನೆ ಇದೆ. ಅರವತ್ತು ಬಂದರೆ ಮೊದಲ ದರ್ಜೆ ಎಂದು ಹಿಗ್ಗುತ್ತಿದ್ದ ಕಾಲದಿಂದ ಆರು ಅಂಕ ಕಡಮೆಯಾಯಿತೆಂದು ಅಳುವ ಕಾಲಕ್ಕೆ ನಾವು ಬಂದದ್ದು ಹೇಗೆ? ಪೂರ್ಣಾಂಕವೆಂಬುದು ಅಷ್ಟು ಕಷ್ಟದ್ದೇ, ಅಥವಾ ಅಷ್ಟು ಸುಲಭದ್ದೇ? ಉತ್ತರಕ್ಕಾಗಿ ಕೊಂಚ ಹಿಂದಕ್ಕೆ ಹೋಗಬೇಕು.

ನಮ್ಮ ದೇಶದಲ್ಲಿ ಈ ಅಂಕಗಳ ಲೆಕ್ಕ ಬೇರೂರಿದ್ದು 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಹುಟ್ಟಿದ ಮೇಲೆ. ಮರುವರ್ಷ ಕಲ್ಕತ್ತೆಯಲ್ಲಿ ಮೊತ್ತಮೊದಲ ಬಿ.ಎ. ಪರೀಕ್ಷೆ ನಡೆಯಿತು. ನಿಯಮದ ಪ್ರಕಾರ ಅದರಲ್ಲಿ ಒಬ್ಬರೂ ತೇರ್ಗಡೆಯಾಗಲಿಲ್ಲ! ಇಬ್ಬರು ಮಾತ್ರ ಆರು ವಿಷಯಗಳಲ್ಲಿ ಐದನ್ನು ಚೆನ್ನಾಗಿ ಬರೆದು, ಆರನೆಯದರಲ್ಲಿ ಏಳಕ್ಕೆ ಮೀರದಷ್ಟು ಅಂಕಗಳಿಂದ ಹಿಂದೆ ಬಿದ್ದಿದ್ದರು. ವಿಶ್ವವಿದ್ಯಾನಿಲಯವು ಕೃಪೆಯಿಟ್ಟು ಅವರಿಗೆ ಎರಡನೆಯ ದರ್ಜೆಯಲ್ಲಿ ಪದವಿ ಕೊಟ್ಟಿತು. ಅವರಲ್ಲೊಬ್ಬರು ಜದುನಾಥ ಬೋಸ್. ಇನ್ನೊಬ್ಬರು ಬಂಕಿಮಚಂದ್ರ ಚಟ್ಟೋಪಾಧ್ಯಾಯ. ‘ಆನಂದಮಠ’ ಬರೆದ ಬಂಕಿಮಚಂದ್ರರಿಗೇ ಕೃಪಾಂಕ ಬೇಕಾಯಿತು! ಹನುಮಂತನೇ ಹಗ್ಗ ತಿನ್ನುತ್ತಿದ್ದ ಆ ಕಾಲದಲ್ಲಿ ಪೂರ್ಣಾಂಕದ ಶ್ಯಾವಿಗೆಯನ್ನು ಬೇಡುವ ಪೂಜಾರಿ ಯಾರಿದ್ದಾನು?

ಇನ್ನು ದಕ್ಷಿಣಕ್ಕೆ ಬರೋಣ. 1904ರಲ್ಲಿ ಕುಂಭಕೋಣದ ಟೌನ್ ಹೈಸ್ಕೂಲಿನಲ್ಲಿ ಬಹುಮಾನ ವಿತರಣೆಯ ಸಮಾರಂಭ. ಗಣಿತದ ಬಹುಮಾನವನ್ನು ಪಡೆಯಲು ಒಬ್ಬ ಬಡ ಹುಡುಗ ವೇದಿಕೆ ಹತ್ತಿದ. ಮುಖ್ಯೋಪಾಧ್ಯಾಯರಾದ ಕೃಷ್ಣಸ್ವಾಮಿ ಅಯ್ಯರ್ ಅವನ ಪರಿಚಯ ಮಾಡಿಕೊಡುತ್ತ, ಪೂರ್ಣಾಂಕಕ್ಕಿಂತಲೂ ಹೆಚ್ಚಿನ ಅಂಕಗಳಿಗೆ ಈತ ಅರ್ಹ ಎಂದರಂತೆ. ಆ ಹುಡುಗ ಶ್ರೀನಿವಾಸ ರಾಮಾನುಜನ್. ಸೇರಿನಲ್ಲಿ ಅಕ್ಕಿ ಅಳೆಯುವವರನ್ನು ನೋಡಿದ್ದೀರಲ್ಲವೆ? ಸೇರು ತುಂಬಿದ ಮೇಲೆ ತಲೆ ಸವರುತ್ತಾರೆ. ಕೆಳಗೆ ಚೆಲ್ಲಿದ್ದು ಲೆಕ್ಕಕ್ಕಿಲ್ಲ. ನೂರು ಎಂಬುದು ಸೇರಿನ ಅಂಚೇ ಹೊರತು ಹುಡುಗನ ಅಂಚಲ್ಲ ಎಂಬುದನ್ನು ಆ ಉಪಾಧ್ಯಾಯರು ಬಲ್ಲವರಾಗಿದ್ದರು.

ಆದರೆ ಅದೇ ಸೇರು ಮುಂದೆ ಮಾಡಿದ್ದೇನು? ವಿದ್ಯಾರ್ಥಿವೇತನ ಪಡೆದು ಕಾಲೇಜು ಸೇರಿದ ರಾಮಾನುಜನ್ ಇಂಗ್ಲಿಷ್ ಪ್ರಬಂಧದಲ್ಲಿ ನಪಾಸಾಗಿ ಆ ವೇತನವನ್ನು ಕಳೆದುಕೊಂಡರು. ಮದರಾಸಿನ ಪಚ್ಚೈಯಪ್ಪ ಕಾಲೇಜಿಗೆ ಸೇರಿ 1906ರಲ್ಲಿ ಎಫ್.ಎ. ಪರೀಕ್ಷೆಗೆ ಕುಳಿತು ಬಿದ್ದರು. 1907ರಲ್ಲಿ ಮತ್ತೆ ಬಿದ್ದರು. ಪದವಿಯ ಬಾಗಿಲು ಮುಚ್ಚಿತು. 1913ರಲ್ಲಿ ಅವರು ಬರೆದ ಪತ್ರ ಕೇಂಬ್ರಿಜ್‌ನ ಹಾರ್ಡಿಯವರ ಕೈಗೆ ಸಿಕ್ಕದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಆ ಹಾರ್ಡಿಯವರಿಗೂ ಪರೀಕ್ಷೆಗಳ ಮೇಲೆ ಕೋಪವಿತ್ತು. ಕೇಂಬ್ರಿಜ್‌ನ ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ಮೊದಲನೆಯವನಾದರೆ ‘ಸೀನಿಯರ್ ರ‍್ಯಾಂಗ್ಲರ್’ ಎಂಬ ಪಟ್ಟ. 1899ರಲ್ಲಿ ಪರಾಂಜಪೆಯವರು ಅದನ್ನು ಪಡೆದ ಮೊದಲ ಭಾರತೀಯರಾದರು. ಅಲ್ಲಿನ ಪೂರ್ಣಾಂಕದ ಗತಿ ನೋಡಿ. ಫ್ರಾನ್ಸಿಸ್ ಗಾಲ್ಟನ್ 1869ರ ತನ್ನ ಗ್ರಂಥದಲ್ಲಿ ಒಂದು ವರ್ಷದ ಲೆಕ್ಕ ಕೊಟ್ಟಿದ್ದಾನೆ. ಒಟ್ಟು 17,000 ಅಂಕಗಳಲ್ಲಿ ಮೊದಲನೆಯವನಿಗೆ 7,634, ಎರಡನೆಯವನಿಗೆ 4,123, ಗೌರವ ಪಟ್ಟಿಯ ಕೊನೆಯವನಿಗೆ ಬರೀ 237. ಎಂದರೆ, ದೇಶಕ್ಕೇ ಮೊದಲಿಗನೆನಿಸಿದವನಿಗೆ ನೂರಕ್ಕೆ ನಲವತ್ತೈದು! ಅದಕ್ಕಾಗಿ ಅವನು ಅಳಲಿಲ್ಲ. ಅಲ್ಲಿನ ಸೇರು ಯಾರೂ ತುಂಬಲಾಗದಷ್ಟು ದೊಡ್ಡದು. ಆದರೂ ಮೊದಲಿಗ ಯಾರೆಂಬ ಪೈಪೋಟಿಗೆ ಹುಡುಗರು ವರ್ಷಗಳನ್ನೇ ಸವೆಸುತ್ತಿದ್ದರು. 1845ರಲ್ಲಿ ಮುಂದೆ ಲಾರ್ಡ್ ಕೆಲ್ವಿನ್ ಆದ ಥಾಮ್ಸನ್, 1854ರಲ್ಲಿ ಮ್ಯಾಕ್ಸ್‌ವೆಲ್, ಇಬ್ಬರೂ ಎರಡನೆಯವರಾದರು. ಆ ಎರಡು ವರ್ಷ ಮೊದಲನೆಯವರಾದವರ ಹೆಸರನ್ನು ಇಂದು ಎಷ್ಟು ಜನ ಬಲ್ಲರು? 1898ರಲ್ಲಿ ನಾಲ್ಕನೆಯವರಾದ ಹಾರ್ಡಿ ಈ ಪದ್ಧತಿಯ ವಿರುದ್ಧ ಹೋರಾಡಿದರು. 1909ರ ನಂತರ ಸ್ಥಾನಾನುಕ್ರಮದ ಪಟ್ಟಿಯನ್ನು ಪ್ರಕಟಿಸುವುದು ನಿಂತಿತು.

ಈಗ ನಮ್ಮ ಊರಿಗೆ ಮರಳೋಣ. ರಾಯರ ಕಾಲದ ಪ್ರಶ್ನೆಪತ್ರಿಕೆ ‘ವಿವರಿಸಿ’, ‘ವಿಮರ್ಶಿಸಿ’ ಎನ್ನುತ್ತಿತ್ತು. ಪ್ರಬಂಧವೊಂದಕ್ಕೆ ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟರೆ, ಇದಕ್ಕಿಂತ ಚೆನ್ನಾಗಿ ಬರೆಯುವುದು ಸಾಧ್ಯವೇ ಇಲ್ಲವೆಂದು ಪರೀಕ್ಷಕ ಒಪ್ಪಿದಂತೆ. ಯಾವ ಮೇಷ್ಟರು ಒಪ್ಪಿಯಾರು? ಕಾಳಿದಾಸನೇ ಬಂದು ಬರೆದರೂ ಎರಡು ಅಂಕ ಕಡಮೆ! ಈಗಿನ ಪ್ರಶ್ನೆಗಳು ಸಣ್ಣವು. ಯಾವ ಅಂಶಕ್ಕೆ ಎಷ್ಟು ಎಂಬ ಮಾದರಿ ಉತ್ತರ ಮೌಲ್ಯಮಾಪಕರ ಕೈಯಲ್ಲಿರುತ್ತದೆ; ಅಂಶವಿದ್ದರೆ ಅಂಕ ಕೊಡಲೇಬೇಕು. ಸಾಲದ್ದಕ್ಕೆ ಈಚಿನ ಪದ್ಧತಿಯ 625ರಲ್ಲಿ 125 ಅಂಕಗಳು ಶಾಲೆಯೇ ಮಾಡುವ ಆಂತರಿಕ ಮೌಲ್ಯಮಾಪನದವು. ಹೀಗೆ ಸೇರು ತುಂಬುವ ಗಾತ್ರಕ್ಕೆ ಇಳಿಯಿತು.

ಇಳಿದರೂ ಅದು ಸುಲಭವೆಂದು ತಿಳಿಯಬೇಡಿ. ಒಂದು ವಿಷಯದಲ್ಲಿ ಪೂರ್ಣಾಂಕ ಬರುವ ಸಂಭವ ಎರಡರಲ್ಲಿ ಒಂದು ಎನ್ನುವಷ್ಟು ಚುರುಕಿನ ಹುಡುಗಿಯಿದ್ದಾಳೆಂದು ಇಟ್ಟುಕೊಳ್ಳಿ. ಆರು ವಿಷಯಗಳಲ್ಲೂ ಒಟ್ಟಿಗೇ ಬರುವ ಸಂಭವ ಅರವತ್ತನಾಲ್ಕರಲ್ಲಿ ಒಂದು. ಹತ್ತರಲ್ಲಿ ಒಂದು ಸಂಭವವುಳ್ಳ ಮಗುವಿಗೆ ಹತ್ತು ಲಕ್ಷದಲ್ಲಿ ಒಂದು! ಹಿಂದೆ ಪೂರ್ಣಾಂಕಕ್ಕೆ ಬೇಕಾದದ್ದು ಅಗಾಧ ಪಾಂಡಿತ್ಯ; ಈಗ ಬೇಕಾದದ್ದು ಎಲ್ಲೂ ಎಡವದಿರುವ ಎಚ್ಚರ. ಕಷ್ಟ ಹೋಗಲಿಲ್ಲ, ಅದರ ಜಾತಿ ಬದಲಾಯಿತು. ಒಂದು ಮಾನ ಬರೆಯಲು ಮರೆತರೆ, ಒಂದು ಕಾಗುಣಿತ ತಪ್ಪಿದರೆ ಮುಗಿಯಿತು.

ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ.ಯಲ್ಲಿ 625ಕ್ಕೆ 625 ಮೊದಲ ಬಾರಿಗೆ ಬಂದದ್ದು 2016ರಲ್ಲಿ, ಒಬ್ಬ ವಿದ್ಯಾರ್ಥಿಗೆ. 2020ರಲ್ಲಿ ಆರು ಜನಕ್ಕೆ ಬಂತು. 2021ರಲ್ಲಿ 157 ಜನಕ್ಕೆ! ಒಂದೇ ವರ್ಷದಲ್ಲಿ ನಾಡಿನ ಮಕ್ಕಳ ಬುದ್ಧಿ ಇಪ್ಪತ್ತಾರು ಪಟ್ಟು ಬೆಳೆಯಿತೆ? ಇಲ್ಲ. ಕೊರೊನಾ ಕಾಲವಾದ್ದರಿಂದ ಆರು ವಿಷಯಗಳ ಪರೀಕ್ಷೆಯನ್ನು ಎರಡೇ ದಿನಗಳಲ್ಲಿ, ಸರಿಯುತ್ತರಕ್ಕೆ ಗುರುತು ಹಾಕುವ ರೀತಿಯಲ್ಲಿ ನಡೆಸಿದರು. 2022ರಲ್ಲಿ 145, 2023ರಲ್ಲಿ ನಾಲ್ಕು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾಗಳ ಕಾವಲು ಬಂತು. ಆ ವರ್ಷ ಒಬ್ಬಳೇ ಹುಡುಗಿ. 2025ರಲ್ಲಿ ಮತ್ತೆ 22. ಹಾಗೆಂದು ಆ ಒಬ್ಬಳ ಶ್ರಮವಾಗಲಿ ಆ 157 ಮಕ್ಕಳ ಶ್ರಮವಾಗಲಿ ಕಡಮೆಯದಲ್ಲ. ಆದರೆ ವರ್ಷದಿಂದ ವರ್ಷಕ್ಕೆ ಹೀಗೆ ಹಿಗ್ಗಿ ಕುಗ್ಗಿದ್ದು ಮಕ್ಕಳ ತಲೆಯಲ್ಲ, ಸೇರು. ಅಳತೆ ಬೇಡವೆಂದು ನಾನು ಹೇಳುವುದಿಲ್ಲ. ಲಕ್ಷಾಂತರ ಮಕ್ಕಳಿಗೆ ಕಾಲೇಜಿನಲ್ಲಿ ಸ್ಥಳ ಹಂಚಬೇಕಾದಾಗ ಒಂದು ಸೇರು ಬೇಕೇ ಬೇಕು. ಆದರೆ ಸೇರಿಗೆ ತಿಳಿದಷ್ಟೇ ಮಗು ಎಂದು ತಾಯಿತಂದೆಯರು ನಂಬಿದರೆ, ಅದಕ್ಕೆ ಬೆಲೆ ತೆರುವವರು ಮಕ್ಕಳು.

ಆ ಮಧ್ಯಾಹ್ನ ನಾನು ರಾಯರಿಗೆ ಕುಂಭಕೋಣದ ಕಥೆ ಹೇಳುತ್ತಿದ್ದಾಗ ಕೋಣೆಯ ಬಾಗಿಲು ಅರ್ಧ ತೆರೆಯಿತು. “ಮತ್ತೆ ಅವರು ಇಂಗ್ಲಿಷ್‌ನಲ್ಲಿ ಯಾಕೆ ಫೇಲಾದರು?” ಎಂದು ಒಳಗಿನಿಂದ ಹುಡುಗಿಯ ದನಿ ಬಂತು. ರಾಯರು ಕಣ್ಣು ಮಿಟುಕಿಸಿ, ಮಗನನ್ನು ಕರೆದರು.

“ಹೋಗೋ, ಎರಡು ಕೇಜಿ ಸಕ್ಕರೆ ತಗೊಂಡು ಬಾ. ಐವತ್ತೆಂಟಕ್ಕೆ ಬೀದಿಗೆಲ್ಲ ಹಂಚಿದವರು ನಮ್ಮಪ್ಪ. ಆರು ನೂರ ಹತ್ತೊಂಬತ್ತಕ್ಕೆ ನಾವು ಹಂಚದೆ ಹೋದರೆ ಅವರ ಮರ್ಯಾದೆ ಏನಾಗಬೇಕು?”